ಅರೋರಾ ನೋಡೋಕೆ ನಾರ್ವೆಗೇ ಹೋಗ್ಬೇಕಾ? ವಾಂಗಣಿ ಕಡೆ ರಾತ್ರಿ ಆಕಾಶ ನೋಡೋ ಗುಂಪುಗಳು ಹೇಗಿರ್ತವೆ?

ಠಾಣೆ_ಮೈಸೂರಿಗ

ನಮಸ್ಕಾರ ಎಲ್ರಿಗೂ. ಮೂಲ ಮೈಸೂರು, ಈಗ ಕೆಲಸದ ಮೇಲೆ ಠಾಣೆಯಲ್ಲಿ ಘೋಡ್‌ಬಂದರ್ ರೋಡ್ ಕಡೆ ಇದೀವಿ. 2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದ ಫೋಟೋ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಓಡಾಡ್ತಲ್ಲ, ಅವತ್ತಿಂದ ನಮ್ಮನೆಯವ್ರಿಗೆ ಅರೋರಾ (ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು) ಹುಚ್ಚು ಹಿಡಿದಿದೆ, ಈಗ ಅದು ನಂಗೂ ಅಂಟ್ಕೊಂಡಿದೆ. ಒಬ್ಬ ಟ್ರಾವೆಲ್ ಏಜೆಂಟ್ ಹತ್ರ ವಿಚಾರಿಸಿದ್ವಿ, ನಾರ್ವೆಯ ಟ್ರೋಮ್ಸೋಗೆ ಪ್ಯಾಕೇಜ್ ಇದೆ ಸಾರ್, ಅರೋರಾ ಗ್ಯಾರಂಟಿ, ಡಿಸೆಂಬರ್‌ಗೆ ಈಗ್ಲೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಅಂತ ಶುರು ಹಚ್ಕೊಂಡ. ರೇಟ್ ಕೇಳಿ ನಮ್ಮತ್ತೆ, ಅಷ್ಟು ದುಡ್ಡು ಕೊಟ್ಟು ಚಳೀಲಿ ನಡುಗೋಕೆ ಹೋಗ್ತೀರಾ, ಅದೇ ದುಡ್ಡಿಗೆ ಊರಲ್ಲಿ ಮನೆ ಮೇಲೆ ಎರಡು ರೂಮ್ ಎದ್ದೇಳುತ್ತೆ ಅಂದ್ರು, ಅದೂ ಸರಿನೇ.

ಈಗ ಕೇಳ್ತಿರೋದು ಏನಂದ್ರೆ, ಈ ಗ್ಯಾರಂಟಿ ಅನ್ನೋದು ನಿಜಾನಾ, ಅದರ ಬದಲು ಹಾನ್ಲೆಗೇ ಹೋದ್ರೆ ಕಾಣುತ್ತಾ, ಅಥವಾ (ನಗಬೇಡಿ) ಇಲ್ಲೇ ಎಲ್ಲಾದ್ರೂ ಸಮುದ್ರದ ದಂಡೆ ಮೇಲೆ ನಿಂತ್ರೆ ಯಾವತ್ತಾದ್ರೂ ಕಾಣೋ ಚಾನ್ಸ್ ಇದ್ಯಾ. ಇನ್ನೊಂದು, ಆಫೀಸಲ್ಲಿ ಒಬ್ರು ಮರಾಠಿಯವ್ರು ವಾಂಗಣಿಯಲ್ಲಿ ರಾತ್ರಿಯಿಡೀ ಆಕಾಶ ನೋಡೋ ಕಾರ್ಯಕ್ರಮ ಇರುತ್ತೆ, ಮೊದಲು ಅಲ್ಲಿಗೆ ಬನ್ನಿ, ಆಮೇಲೆ ನಾರ್ವೆ ಗೀರ್ವೆ ನೋಡೋಣ ಅಂತ ಕರೀತಿದಾರೆ. ನಮ್ಗೆ ಮಗಳಿದಾಳೆ, ನಾಲ್ಕನೇ ಕ್ಲಾಸು. ಆಕಾಶದ ವಿಷಯದಲ್ಲಿ ನಾನು ಶುದ್ಧ ಹೆಬ್ಬೆಟ್ಟು, ಸಪ್ತರ್ಷಿ ಮಂಡಲ ಬಿಟ್ರೆ ಏನೂ ಗುರುತಿಲ್ಲ, ಮರಾಠಿನೂ ತರಕಾರಿ ಅಂಗಡಿಗೆ ಸಾಕಾಗೋಷ್ಟೇ ಬರೋದು. ಅಲ್ಲಿ ಹೋಗಿ ಬೆಪ್ಪನ ಥರ ನಿಂತ್ಕೋಬೇಕಾಗುತ್ತಾ? ಹೋದವ್ರು ಯಾರಾದ್ರೂ ಇದ್ರೆ ಹೇಳಿ.

ಮಾಟುಂಗಾ_ಮಾಣಿ

ಗ್ಯಾರಂಟಿ ಅಂತ ಹೇಳಿದವನ ಹತ್ರ ಒಂದೇ ಪ್ರಶ್ನೆ ಕೇಳಿ ಮಾರಾಯ್ರೆ, ಮೋಡ ಬಂದ್ರೆ ಹಣ ವಾಪಸ್ ಕೊಡ್ತೀರಾ ಅಂತ. ಹೆಚ್ಚಿನವರ ಗ್ಯಾರಂಟಿ ಅಂದ್ರೆ ಇವತ್ತು ಕಾಣದಿದ್ರೆ ನಾಳೆ ಇನ್ನೊಮ್ಮೆ ಬಸ್ಸಲ್ಲಿ ಕೂರಿಸಿ ಕರ್ಕೊಂಡು ಹೋಗುವುದು, ಅಷ್ಟೇ. ನಾಳೆಯೂ ಮೋಡ ಇದ್ರೆ ನಿಮ್ಮ ಹಣೆಬರಹ.

ವಾಂಗಣಿಯ ಬಗ್ಗೆ ನಾನು ಹೇಳ್ತೇನೆ, ನಾನು ಅಲ್ಲಿಗೆ ಹೋಗ್ತಾ ಬರ್ತಾ ಇರುವವ. ಕರ್ಜತ್ ಲೋಕಲ್ ಹಿಡಿದ್ರೆ ಬದ್ಲಾಪುರ ಕಳೆದ ಕೂಡ್ಲೆ ಸಿಗುವ ಸ್ಟೇಷನ್. ಅಲ್ಲಿ ಆಕಾಶ ತೋರಿಸುವ ಕೆಲಸ ತುಂಬಾ ವರ್ಷದಿಂದ ಮಾಡ್ತಾ ಬಂದದ್ದು ಖಗೋಲ್ ಮಂಡಲದವರು, 1985ರ ಸುಮಾರಿಗೆ ಹ್ಯಾಲಿ ಧೂಮಕೇತು ಬರುವ ಹೊತ್ತಿಗೆ ಹುಟ್ಟಿದ ಗುಂಪು. ಈಗ ಬೇರೆ ಗುಂಪುಗಳೂ ಉಂಟು. ಅಮಾವಾಸ್ಯೆಗೆ ಹತ್ರದ ಶನಿವಾರ ರಾತ್ರಿ ಇಡ್ತಾರೆ, ಚಂದ್ರ ಇದ್ರೆ ಮಸುಕಾದದ್ದು ಎಂತದ್ದೂ ಕಾಣುವುದಿಲ್ಲ. ಸಂಜೆ ಹೋಗಿ ಚಾಪೆ ಹಾಸಿ ಮಲಗುವುದು, ಒಬ್ಬರು ಹಸಿರು ಲೇಸರ್ ಹಿಡ್ಕೊಂಡು ಇದು ರೋಹಿಣಿ, ಇದು ಕೃತ್ತಿಕೆ, ಇದು ಲುಬ್ಧಕ ಅಂತ ತೋರಿಸ್ತಾ ಹೋಗ್ತಾರೆ, ಆಮೇಲೆ ಟೆಲಿಸ್ಕೋಪಿಗೆ ಲೈನು. ನಡುರಾತ್ರಿ ಚಾ. ಎರಡು ಗಂಟೆ ಆದ ಮೇಲೆ ಅರ್ಧ ಜನ ಮಲಗಿರ್ತಾರೆ, ನಿಜವಾದ ಮಜಾ ಇರುವುದು ಆವಾಗ, ಲೈನು ಇರುವುದಿಲ್ಲ, ಟೆಲಿಸ್ಕೋಪಿನವರಿಗೂ ಮಾತಾಡ್ಲಿಕ್ಕೆ ಪುರುಸೊತ್ತು.

ಏಪ್ರಿಲ್ ತಿಂಗಳಲ್ಲಿ ಒಮ್ಮೆ ಅಲ್ಲಿ ಒಬ್ಬರು ಒಮೆಗಾ ಸೆಂಟಾರಿ ತೋರಿಸಿದ್ರು. ಅದು ದಕ್ಷಿಣದ ದಿಕ್ಕಿನ ವಸ್ತು, ಮುಂಬೈಯಿಂದ ನೋಡುವಾಗ ಎಷ್ಟೇ ಮೇಲೆ ಬಂದ್ರೂ ದಿಗಂತದಿಂದ 23-24 ಡಿಗ್ರಿ ಅಷ್ಟೇ. ಮೊದಲು ನೋಡಿದಾಗ ಒಂದು ಬೂದು ಕಲೆ, ಎಂತ ಉಂಟು ಇದ್ರಲ್ಲಿ ಅಂತ ಅನಿಸಿತು. ಆ ಜನ ಹೇಳಿದ್ರು, ನೇರ ನೋಡ್ಬೇಡಿ, ಕಣ್ಣು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಓರೆಗಣ್ಣಲ್ಲಿ ನೋಡಿ, ಉಸಿರು ಬಿಗಿ ಹಿಡಿಯದೆ ಸುಮ್ಮನೆ ನಿಂತ್ಕೊಳ್ಳಿ ಅಂತ. ಒಂದು ನಿಮಿಷ ಹಾಗೆ ನೋಡ್ತಾ ಇದ್ದ ಹಾಗೆ ಕಲೆಯ ಅಂಚು ಒಡೆದು ಪುಡಿಪುಡಿಯಾಗಿ ಚುಕ್ಕಿ ಕಾಣ್ಲಿಕ್ಕೆ ಶುರುವಾಯ್ತು, ಒಂದೊಂದು ಚುಕ್ಕಿಯೂ ಒಂದೊಂದು ನಕ್ಷತ್ರ, ಲಕ್ಷಗಟ್ಟಲೆ ಇರುವ ಗುಚ್ಛ ಅದು. ಹಿಂದೆ ಲೈನಲ್ಲಿದ್ದವರು ಬೈಯುವವರೆಗೆ ನಾನು ಐಪೀಸ್ ಬಿಟ್ಟದ್ದಿಲ್ಲ.

ಭಾಷೆ ತೊಂದರೆ ಆಗುವುದಿಲ್ಲ, ಅರ್ಧ ಇಂಗ್ಲಿಷು ಅರ್ಧ ಮರಾಠಿ, ಅಶ್ವಿನಿ ಭರಣಿ ಎಲ್ಲಾ ನಮ್ಮದೇ. ನನ್ನ ಕೇಳಿದ್ರೆ ನಿಮ್ಮ ಅತ್ತೆಯವರನ್ನೂ ಕರ್ಕೊಂಡು ಹೋಗಿ. ಆ ತಲೆಮಾರಿನವರಿಗೆ 27 ನಕ್ಷತ್ರವೂ ಬಾಯಿಪಾಠ, ಆದ್ರೆ ಯಾವುದು ಎಲ್ಲುಂಟು ಅಂತ ಯಾರೂ ತೋರಿಸಿರುವುದಿಲ್ಲ. ನನ್ನ ಅಮ್ಮ ತಮ್ಮ ಜನ್ಮನಕ್ಷತ್ರ ನೋಡಿ ಇಷ್ಟು ಸಣ್ಣದಾ ಅಂತ ಬೇಜಾರು ಮಾಡ್ಕೊಂಡಿದ್ರು.

ಹೋಗುವಾಗ ಚಾದರ, ಸ್ವೆಟರ್ (ಜನವರಿಯಲ್ಲಿ ಮುಂಬೈ ಲೆಕ್ಕ ಹಿಡಿದು ಟೀಶರ್ಟಲ್ಲಿ ಬಂದವರು ನಡುಗಿದ್ದು ನೋಡಿದ್ದೇನೆ), ಒಡೋಮಾಸ್, ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದ್ಲಿಕ್ಕೆ 20-30 ನಿಮಿಷ ಬೇಕು, ಒಂದು ಸಲ ಬಿಳಿ ಲೈಟ್ ನೋಡಿದ್ರೆ ಪುನಃ ಮೊದಲಿಂದ.

ಪುಣೆ_ಪಾಟೀಲ

ಮೈಸೂರು ಸಾಹೇಬ್ರ, ಮೊದಲ ಅರೋರಾ ಹೆಂಗ ಆಗ್ತದ ಅನ್ನೋದು ತಿಳ್ಕೊಂಡ್ರ ಏಜೆಂಟನ ಮಾತಿನ್ಯಾಗ ಎಷ್ಟು ಖರೇ ಎಷ್ಟು ಸುಳ್ಳ ನಿಮಗ ಗೊತ್ತಾಗ್ತದ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಸೂರ್ಯನಿಂದ ಯಾವಾಗ್ಲೂ ವಿದ್ಯುತ್ ಕಣಗಳ ಗಾಳಿ ಬೀಸ್ತಿರ್ತದ. ಭೂಮಿಗೆ ಅಯಸ್ಕಾಂತದ ಕವಚ ಅದಲ್ಲ, ಅದು ಬಹಳಷ್ಟನ್ನ ಆಚೆ ತಳ್ತದ. ಆದ್ರ ಆ ಗಾಳಿ ಜೋಡಿ ಬರೋ ಅಯಸ್ಕಾಂತ ಕ್ಷೇತ್ರ ದಕ್ಷಿಣಕ್ಕ ಮುಖ ಮಾಡಿದ್ರ ನಮ್ಮ ಕವಚ ಬಾಗಿಲ ತಗದಂಗ ಆಗಿ ಶಕ್ತಿ ಒಳಗ ಬರ್ತದ, ಎಲೆಕ್ಟ್ರಾನ್‌ಗಳು ಧ್ರುವದ ಕಡೆ ಹೋಗೋ ಅಯಸ್ಕಾಂತ ರೇಖೆ ಹಿಡಕೊಂಡು ವೇಗದಾಗ ಇಳದು ಮ್ಯಾಲಿನ ಗಾಳಿಗೆ ಬಡೀತಾವ. 100ರಿಂದ 150 ಕಿಲೋಮೀಟರ್ ಎತ್ತರದಾಗ ಆಕ್ಸಿಜನ್ ಹಸಿರು ಬೆಳಕು ಕೊಡ್ತದ, 200ಕ್ಕಿಂತ ಮ್ಯಾಲ ಅದೇ ಆಕ್ಸಿಜನ್ ಕೆಂಪು. ಯಾಕಂದ್ರ ಕೆಂಪು ಬೆಳಕು ಬಿಡಬೇಕಂದ್ರ ಆ ಪರಮಾಣು ಸುಮಾರು ಎರಡು ನಿಮಿಷ ಯಾರ್ದೂ ಡಿಕ್ಕಿ ಇಲ್ಲದ ಸುಮ್ನ ಇರಬೇಕು, ಹಸಿರಿಗೆ ಒಂದ ಸೆಕೆಂಡೂ ಬ್ಯಾಡ. ಕೆಳಗ ಗಾಳಿ ದಟ್ಟ, ಅಷ್ಟೊತ್ತು ಬಿಡಂಗಿಲ್ಲ ಅದನ್ನ. ತೀರಾ ಕೆಳ ಅಂಚಿನ್ಯಾಗ ಗುಲಾಬಿ, ನೇರಳೆ ಕಂಡ್ರ ಅದು ನೈಟ್ರೋಜನ್.

ದೂರದಿಂದ ನೋಡೋರಿಗೆ ದೊಡ್ಡ ಗುಡಿಯ ಕಳಸ ಅಷ್ಟ ಕಾಣ್ತದಲ್ರಿ, ಹಂಗ ಧ್ರುವದಿಂದ ದೂರ ತೆಳಗಿನ ಅಕ್ಷಾಂಶದಾಗ ಇರೋರಿಗೆ ಅರೋರಾದ ತುದಿಯ ಕೆಂಪು ಮಾತ್ರ ದಿಗಂತದ ಮ್ಯಾಲ ಕಾಣ್ತದ, ಹಸಿರು ಭೂಮಿ ಬಾಗಿನ ಕೆಳಗ ಹೋಗಿರ್ತದ. ಹಾನ್ಲೆಯೊಳಗ 2024ರ ಮೇ 10-11ರ ರಾತ್ರಿ ಸಿಕ್ಕಿದ್ದು ಅದಕ್ಕೂ ಸ್ವಲ್ಪ ಬ್ಯಾರೆ, ಸ್ಟೇಬಲ್ ಅರೋರಲ್ ರೆಡ್ ಆರ್ಕ್ ಅಂತಾರ ಅದಕ್ಕ, ಭಾಳ ಎತ್ತರದಾಗ ಹಬ್ಬಿದ ಒಂದು ಕೆಂಪು ಪಟ್ಟಿ. ಚಿತ್ರ ಹಿಡದದ್ದು ಅಲ್ಲಿನ ವೀಕ್ಷಣಾಲಯದಾಗ ಇಡೀ ಆಕಾಶ ಒಮ್ಮೆಲೆ ಹಿಡಿಯೋ ಆಲ್‌ಸ್ಕೈ ಕ್ಯಾಮೆರಾ. ಅವತ್ತಿನದು ಜಿ5, ಅಂದ್ರ ಎಲ್ಲಾಕಿಂತ ಮ್ಯಾಲಿನ ದರ್ಜೆಯ ಸೌರ ಬಿರುಗಾಳಿ, 2003ರ ಅಕ್ಟೋಬರ್ ನಂತರ ಅಷ್ಟು ದೊಡ್ಡದು ಬಂದಿದ್ದಿಲ್ಲ. ಅದಕ್ಕ ಟಿಕೆಟ್ ತಗೊಂಡು ಹಾನ್ಲೆಗೆ ಹೋಗಿ ಇವತ್ತ ಅರೋರಾ ತೋರ್ಸ್ರಿ ಅಂದ್ರ ಆಗೂದಿಲ್ಲ.

ಆದ್ರೂ ಹಾನ್ಲೆಗೆ ಒಮ್ಮೆ ಹೋಗ್ರಿ, ಅರೋರಾಕ್ಕಲ್ಲ, ಆಕಾಶಗಂಗೆಗೆ. 2022ರಾಗ ಅದನ್ನ ಡಾರ್ಕ್ ಸ್ಕೈ ರಿಸರ್ವ್ (ರಾತ್ರಿ ಆಕಾಶದ ಕತ್ತಲಿ ಕಾಪಾಡೋ ಜಾಗ) ಮಾಡ್ಯಾರ, ಊರವರಿಗೇ ಟೆಲಿಸ್ಕೋಪ್ ಕೊಟ್ಟು ತರಬೇತಿ ಮಾಡ್ಯಾರ, ಹೋಮ್‌ಸ್ಟೇದಾಗ ಉಳಕೊಂಡ್ರ ಅವರೇ ತೋರಸ್ತಾರ. ಪರ್ಮಿಟ್ ಏನಾರ ಬೇಕಾ ಅಂತ ಮೊದಲ ವಿಚಾರಸ್ರಿ, 4000 ಮೀಟರಿಗಿಂತ ಮ್ಯಾಲ ಅದ, ಲೇಹ್‌ದಾಗ ಒಂದೆರಡು ದಿನ ಕುಂತು ಮೈ ಒಗ್ಗಿಸಿಕೊಂಡ ಹೋಗ್ಬೇಕು, ಸಣ್ಣ ಹುಡುಗಿ ಕರಕೊಂಡು ಹೋಗೋದಾದ್ರ ಡಾಕ್ಟರ್ ಕೇಳ್ರಿ. ಇನ್ನೊಂದು ಮಜಾ ಅಂದ್ರ ಅಲ್ಲಿನ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ (ವಿಜ್ಞಾನಿ ಚಂದ್ರಶೇಖರ್ ಅವರ ಹೆಸರು) ನಡಸೋದು ನಮ್ಮ ಬೆಂಗಳೂರು ಹತ್ರದ ಹೊಸಕೋಟೆಯಿಂದ, ಸ್ಯಾಟಲೈಟ್ ಲಿಂಕ್ ಮ್ಯಾಲ.

ಠಾಣೆ_ಮೈಸೂರಿಗ

ಅಬ್ಬಾ, ಇಷ್ಟೊಂದು ಬರೀತೀರಾ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್ ಇಬ್ರಿಗೂ. ಹೊಸಕೋಟೆ ವಿಷಯ ನಮ್ಮನೇಲಿ ಯಾರೂ ನಂಬ್ತಿಲ್ಲ, ನಮ್ಮ ಭಾವನ ಮನೆ ಅಲ್ಲೇ ಇರೋದು, ಪ್ರತಿ ಸಲ ಹೋದಾಗ್ಲೂ ಬಿರಿಯಾನಿ ತಿಂದು ಬಂದಿದೀವಿ ಅಷ್ಟೇ. ಅಂದ್ರೆ ಮುಂಬೈಯಿಂದ ಅರೋರಾ ಕಾಣೋದು ಸಾಧ್ಯಾನೇ ಇಲ್ಲ ಅಂತ ಆಯ್ತಲ್ಲ?

ಪನ್ವೆಲ್_ನಿವಾಸಿ

ಹಾಗೆ ಪೂರ್ತಿ ಬಾಗಿಲು ಹಾಕ್ಬೇಡಿ. ಮುಂಬೈಯಿಂದ ಅರೋರಾ ಕಂಡಿದೆ, 1872ರ ಫೆಬ್ರವರಿ 4ರ ರಾತ್ರಿ. ಆಗಿನ ಟೈಮ್ಸ್ ಆಫ್ ಇಂಡಿಯಾದಲ್ಲೇ ಸುದ್ದಿ ಬಂದಿತ್ತು, ಮುಂಬೈ-ಏಡನ್ ನಡುವಿನ ಸಮುದ್ರದ ಕೇಬಲ್ ಟೆಲಿಗ್ರಾಫ್ ಕೂಡ ಅವತ್ತು ಕೆಟ್ಟು ನಿಂತಿತ್ತು. ಕಾಂತೀಯ ಅಕ್ಷಾಂಶದ (ಭೂಮಿಯ ಕಾಂತೀಯ ಧ್ರುವ ಇಟ್ಕೊಂಡು ಎಣಿಸೋದು) ಲೆಕ್ಕದಲ್ಲಿ ಮುಂಬೈ ಆಗ ಸುಮಾರು 10 ಡಿಗ್ರಿ, ಅಷ್ಟು ಕೆಳಗೆ ಅರೋರಾ ಕಂಡ ದಾಖಲೆ ಅಂದ್ರೆ ಪ್ರಪಂಚದಲ್ಲೇ ಬೆರಳೆಣಿಕೆ, ಇವತ್ತಿಗೂ ವಿಜ್ಞಾನಿಗಳು ಆ ರಾತ್ರಿ ಬಗ್ಗೆ ಪೇಪರ್ ಬರೀತಾನೇ ಇದಾರೆ. ಆಗಿನ ಮುಂಬೈಗೆ ಗ್ಯಾಸ್ ದೀಪ, ಎಣ್ಣೆ ದೀಪ ಬಿಟ್ರೆ ಏನಿತ್ತು, ಆಕಾಶ ಕಪ್ಪಗಿತ್ತು. ಈಗ ಅದೇ ಬಿರುಗಾಳಿ ಬಂದ್ರೂ ಮರೀನ್ ಡ್ರೈವ್ ಮೇಲೆ ನಿಂತವ್ರಿಗೆ ಏನೂ ಗೊತ್ತಾಗಲ್ಲ, ಬರೀ ಮೊಬೈಲ್ ನೆಟ್‌ವರ್ಕ್ ಹೋಯ್ತು ಅಂತ ಬೈಕೊಂಡು ಮನೆಗೆ ಹೋಗ್ತಾರೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 1859ರ ಸೆಪ್ಟೆಂಬರ್ ಮೊದಲ ವಾರದ ಕ್ಯಾರಿಂಗ್ಟನ್ ಬಿರುಗಾಳಿ ಅಂತ ಕೇಳಿರ್ತೀರಿ, ಸೌರ ಬಿರುಗಾಳಿ ಅಂದ್ರೆ ಎಲ್ರೂ ಅದನ್ನೇ ಹೇಳೋದು. ಅದು ಭೂಮಿಯ ಅಯಸ್ಕಾಂತವನ್ನ ಎಷ್ಟು ಅಲ್ಲಾಡಿಸ್ತು ಅನ್ನೋದಕ್ಕೆ ಕೆಳಗಿನ ಅಕ್ಷಾಂಶದಿಂದ ಸಿಕ್ಕ ಬೆಲೆಬಾಳೋ ದಾಖಲೆ ನಮ್ಮ ಮುಂಬೈಯ ಕೊಲಾಬಾದ್ದು. ಕೊಲಾಬಾ ವೀಕ್ಷಣಾಲಯದಲ್ಲಿ ಸಿಬ್ಬಂದಿ ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದಿಟ್ಟ ರೀಡಿಂಗ್, ಅಯಸ್ಕಾಂತ ಕ್ಷೇತ್ರ ಸುಮಾರು 1600 ನ್ಯಾನೋಟೆಸ್ಲಾ (ಅದನ್ನ ಅಳೆಯೋ ಮಾನ) ಕುಸಿದಿತ್ತು ಅಂತ ಅದರಲ್ಲಿದೆ. ಮಾಮೂಲಿ ಬಿರುಗಾಳಿಗೆ ನೂರು ಇನ್ನೂರು ಕುಸಿದ್ರೆ ಜಾಸ್ತಿ. ಸೆಪ್ಟೆಂಬರ್ ತಿಂಗಳು, ಮುಂಬೈ ಮಳೆ, ಆ ಗುಮಾಸ್ತರಿಗೆ ಮೇಲೆ ಆಕಾಶದಲ್ಲಿ ಏನು ನಡೀತಿದೆ ಅನ್ನೋ ಸುಳಿವೂ ಇದ್ದಿರಲಿಕ್ಕಿಲ್ಲ, ಮುಳ್ಳು ಯಾಕೆ ಹಿಂಗೆ ಓಡ್ತಿದೆ ಅಂತ ತಲೆ ಕೆರ್ಕೊಂಡು ಬರೆದಿರ್ತಾರೆ, ಆದ್ರೂ ಬಿಡದೆ ಬರೆದ್ರಲ್ಲ. ಆಮೇಲೆ ಮುಂಬೈಗೆ ಎಲೆಕ್ಟ್ರಿಕ್ ಟ್ರಾಂ ಬರುತ್ತೆ ಅಂದಾಗ ಅದರ ಕರೆಂಟ್ ಉಪಕರಣಕ್ಕೆ ತೊಂದ್ರೆ ಕೊಡುತ್ತೆ ಅಂತ 1904ರಲ್ಲಿ ಅಯಸ್ಕಾಂತದ ವಿಭಾಗವನ್ನ ಅಲಿಬಾಗ್‌ಗೆ ಸಾಗಿಸಿದ್ರು, ಅಲ್ಲಿ ಕಟ್ಟಡಕ್ಕೆ ಕಬ್ಬಿಣ ಮುಟ್ಟಿಸದೆ ಕಟ್ಟಿದಾರೆ. ಈಗ ಅದನ್ನ ನೋಡ್ಕೊಳ್ಳೋ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಜಿಯೋಮ್ಯಾಗ್ನೆಟಿಸಮ್ ನಮ್ಮ ನ್ಯೂ ಪನ್ವೆಲ್‌ನಲ್ಲೇ ಇದೆ. ಜನ ಅಲಿಬಾಗ್‌ಗೆ ಬೀಚು, ಬೋಟು ಅಂತ ಹೋಗ್ತಾರೆ, ಇದರ ಬಗ್ಗೆ ಒಬ್ರಿಗೂ ಗೊತ್ತಿರಲ್ಲ.

ಪೋಂಡಾದ_ಶಿರಸಿಯವಳು

ಎಲ್ಲರೂ ಗುಂಪಿನ ಮಜಾ ಬಗ್ಗೆ ಬರ್ದಿದ್ದಾರೆ, ನಾನು ಸ್ವಲ್ಪ ಹುಳಿ ಹಿಂಡ್ತೇನೆ. ಈಗೀಗ ರೆಸಾರ್ಟಿನವರೆಲ್ಲಾ ಸ್ಟಾರ್ ಪಾರ್ಟಿ ಅಂತ ಶುರು ಮಾಡಿದ್ದಾರೆ, ಗೋವಾದಲ್ಲೂ ಉಂಟು, ಲೋಣಾವಳಾ ಕಡೆನೂ ಉಂಟು. ಬಾರ್ಬೆಕ್ಯೂ, ಡಿಜೆ, ಮಧ್ಯ ಒಂದು ಟೆಲಿಸ್ಕೋಪ್. ನಾನು ಹೋದ ಒಂದು ಕಡೆ ಈಜುಕೊಳದ ಲೈಟು ಆರಿಸ್ಲಿಕ್ಕೆ ಕೇಳಿದ್ರೆ ಮ್ಯಾನೇಜರ್ ಇಲ್ಲ ಅಂತ ಹೇಳಿದ್ರು. 2025ರಲ್ಲಿ ಶನಿಯ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿಕೊಂಡಿತ್ತಲ್ಲ, ಟೆಲಿಸ್ಕೋಪಲ್ಲಿ ಒಂದು ಸಣ್ಣ ಗೆರೆ ಅಷ್ಟೇ ಕಾಣ್ತಿತ್ತು, ಒಬ್ಬ ಮನುಷ್ಯ ದುಡ್ಡು ಕೊಟ್ಟು ಬಂದಿದ್ದೇವೆ ಉಂಗುರ ಸರಿಯಾಗಿ ತೋರಿಸಿ ಅಂತ ಜಗಳಕ್ಕೇ ನಿಂತ. ಟೆಲಿಸ್ಕೋಪ್ ಹುಡುಗ ಪಾಪ ಕಾಲೇಜಿನವನು, ಶನಿಯನ್ನು ಅವನು ತಿರುಗಿಸ್ಲಿಕ್ಕೆ ಆಗ್ತದಾ?

ಹಾಗಾಗಿ ಹೋಗುವುದಾದ್ರೆ ಹವ್ಯಾಸಿಗಳೇ ನಡೆಸುವ ಗುಂಪಿಗೇ ಹೋಗಿ, ಊಟ ಸಾಧಾರಣ ಇದ್ರೂ ಪರವಾಗಿಲ್ಲ. ಗೋವಾದಲ್ಲಿ ಅಸೋಸಿಯೇಷನ್ ಆಫ್ ಫ್ರೆಂಡ್ಸ್ ಆಫ್ ಆಸ್ಟ್ರಾನಮಿ ಅಂತ ಉಂಟು, ಪಣಜಿಯ ಜುಂತಾ ಹೌಸ್ ತಾರಸಿಯ ಮೇಲೆ ಸಾರ್ವಜನಿಕರಿಗೆ ವರ್ಷಗಟ್ಟಲೆ ಆಕಾಶ ತೋರಿಸಿದವರು, ಹೋಗುವ ಮೊದಲು ಈಗ ಎಲ್ಲಿ ಸೇರ್ತಾರೆ ಅಂತ ವಿಚಾರಿಸಿ. ಬೀಚಿನ ಕಡೆ ಆಕಾಶ ಕೆಟ್ಟಿದೆ, ರಾತ್ರಿ ಸಮುದ್ರದಲ್ಲಿ ಎಲ್‌ಇಡಿ ಹಾಕಿ ಮೀನು ಹಿಡಿಯುವ ಬೋಟುಗಳಿಂದ ಪಶ್ಚಿಮದ ದಿಗಂತವೇ ಬೆಳ್ಳಗೆ. ಒಳಗೆ ಸತ್ತರಿ, ನೇತ್ರಾವಳಿ ಕಡೆ ಹೋದ್ರೆ ಇನ್ನೂ ಕತ್ತಲೆ ಉಳ್ಕೊಂಡಿದೆ.

ಮತ್ತೊಂದು, ಮಾಟುಂಗಾದವರು ಹಸಿರು ಲೇಸರ್ ಅಂದ್ರಲ್ಲ, ಅದನ್ನು ಮಕ್ಕಳ ಕೈಗೆ ಕೊಡ್ಬೇಡಿ, ಯಾರದ್ದಾದ್ರೂ ಕಣ್ಣಿಗೆ ಬಿದ್ರೆ ಕಷ್ಟ, ವಿಮಾನದ ಕಡೆ ಹಿಡಿದ್ರೆ ಇನ್ನೂ ದೊಡ್ಡ ಕಷ್ಟ.

ಮಾಟುಂಗಾ_ಮಾಣಿ

ಅಕ್ಕ ಹೇಳಿದ್ದು ಸರಿ, ರೆಸಾರ್ಟ್ ಸ್ಟಾರ್ ಪಾರ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ವಾಂಗಣಿಯ ಆಕಾಶವೂ ಈಗ ಮೊದಲಿನ ಹಾಗೆ ಇಲ್ಲ ಅಂತ ಹೇಳ್ಬೇಕು, ಬದ್ಲಾಪುರದ ಬಿಲ್ಡಿಂಗುಗಳು ಬೆಳೀತಾ ಬೆಳೀತಾ ಅದರ ಬೆಳಕು ಮೇಲೆ ಬಂದಿದೆ. ಆದ್ರೂ ಠಾಣೆಯ ಬಾಲ್ಕನಿಗಿಂತ ಎಷ್ಟೋ ವಾಸಿ.

ವಾಶಿ_ಅಂಕೋಲಾ

ನಾನು ಮರ್ಚೆಂಟ್ ನೇವಿಯಲ್ಲಿದ್ದವ, ಅರೋರಾ ಹಡಗಿನಿಂದ ನೋಡಿದ್ದೇನೆ, ನಾರ್ವೆಯ ಉತ್ತರದ ಕರಾವಳಿ ಹತ್ತಿರ. ಇಂಟರ್ನೆಟ್ಟಿನ ಫೋಟೋ ನೋಡಿ ಹೋದವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು, ಕಣ್ಣಿಗೆ ಕಾಣುವುದು ಬೇರೆ, ಕ್ಯಾಮೆರಾಕ್ಕೆ ಕಾಣುವುದು ಬೇರೆ.

ರಾತ್ರಿ ಬ್ರಿಜ್‌ನಲ್ಲಿ (ಅಂದ್ರೆ ಹಡಗು ನಡೆಸುವ ಕೋಣೆಯಲ್ಲಿ) ನಾವು ದೀಪ ಆರಿಸಿಕೊಂಡೇ ವಾಚ್ ಮಾಡುವುದು, ಹಾಗಾಗಿ ಕಣ್ಣು ಕತ್ತಲೆಗೆ ಹೊಂದಿಕೊಂಡೇ ಇರ್ತದೆ. ಉತ್ತರದ ಕಡೆ ತೆಳ್ಳಗೆ ಒಂದು ಬಿಳಿ ಪಟ್ಟಿ ಇತ್ತು, ಮೋಡ ಅಂತಲೇ ತಿಳ್ಕೊಂಡೆ, ಆದ್ರೆ ಅದರ ಹಿಂದಿನ ನಕ್ಷತ್ರ ಸ್ವಲ್ಪವೂ ಮಸುಕಾಗಿಲ್ಲ. ಪಕ್ಕದಲ್ಲಿದ್ದ ಫಿಲಿಪ್ಪೀನ್ಸ್‌ನ ಎಬಿ (ನಾವಿಕ) ಮೊಬೈಲ್ ರೇಲಿಂಗಿಗೆ ಒತ್ತಿ ಹಿಡಿದು ನೈಟ್ ಮೋಡ್‌ನಲ್ಲಿ ಮೂರು ಸೆಕೆಂಡ್ ಫೋಟೋ ತೆಗೆದ, ಸ್ಕ್ರೀನ್ ತುಂಬಾ ಗಿಣಿ ಹಸಿರು. ಕಣ್ಣಿಗೆ ಮಾತ್ರ ಬೂದಿ. ಕತ್ತಲಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ, ಬೆಳಕು ಜೋರಾದ್ರೆ ಮಾತ್ರ. ಹಾಗೇ ಅರ್ಧ ತಾಸು ಏನೂ ಇಲ್ಲ, ನಾನು ಕಾಫಿ ಮಾಡ್ಲಿಕ್ಕೆ ಒಳಗೆ ಹೊರಟಿದ್ದೆ, ಆವಾಗ ಪಟ್ಟಿಯ ಒಂದು ತುದಿ ಬೆಳಗಿ ಬೆಳಕು ಉದ್ದಕ್ಕೆ ಓಡ್ಲಿಕ್ಕೆ ಶುರುವಾಯ್ತು, ಪಟ್ಟಿ ಮಡಚಿ ಮಡಚಿ ನಮ್ಮ ತಲೆ ಮೇಲೆ ಬಂತು, ಈಗ ಬರಿಗಣ್ಣಿಗೇ ಹಸಿರು, ಕೆಳ ಅಂಚಿನಲ್ಲಿ ಗುಲಾಬಿ ಬಣ್ಣ ಓಡಾಡ್ತಾ ಇತ್ತು. ಕೆಲವೇ ನಿಮಿಷ. ಚೀಫ್ ಆಫೀಸರ್‌ನನ್ನು ಎಬ್ಬಿಸಿ ಕರೆದು ತರುವುದ್ರೊಳಗೆ ಪುನಃ ಬೂದಿ ಪಟ್ಟಿ. ಆ ಮನುಷ್ಯ ನನ್ನ ಮೇಲೆ ಸಿಟ್ಟಾಗಿದ್ದು ಇನ್ನೂ ನೆನಪಿದೆ.

ಅದಕ್ಕೇ ಹೇಳುವುದು, ಟ್ರೋಮ್ಸೋ ಸುಮಾರು 69.6 ಡಿಗ್ರಿ ಉತ್ತರ, ಅರೋರಾ ವಲಯದ ಕೆಳಗೇ ಇದೆ, ಅಲ್ಲಿ ದೊಡ್ಡ ಬಿರುಗಾಳಿ ಬೇಕಂತ ಇಲ್ಲ, ಸಾಧಾರಣ ರಾತ್ರಿಯಲ್ಲೂ ಕಾಣ್ತದೆ. ಶತ್ರು ಅಂದ್ರೆ ಮೋಡ. ಕರಾವಳಿ ಊರು, ಮೋಡ ಬಂದ್ರೆ ಗೈಡ್‌ಗಳು ಫಿನ್‌ಲ್ಯಾಂಡ್ ಗಡಿ ಕಡೆ ಒಳಗೆ ಕಾರು ಓಡಿಸ್ತಾರೆ. ಒಳನಾಡು ಬೇಕಂದ್ರೆ ಸ್ವೀಡನ್ನಿನ ಅಬಿಸ್ಕೋ ನೋಡಿ, ಗುಡ್ಡದ ಮರೆಯಲ್ಲಿರುವುದ್ರಿಂದ ಅಲ್ಲಿ ಆಕಾಶ ತೆರವಾಗಿರುವುದು ಜಾಸ್ತಿ ಅಂತ ಹೆಸರು. ಕಡಿಮೆ ಅಂದ್ರೂ ನಾಲ್ಕೈದು ರಾತ್ರಿ ಇಟ್ಕೊಳ್ಳಿ, ಎರಡು ರಾತ್ರಿಯ ಪ್ಯಾಕೇಜ್ ಅಂದ್ರೆ ಜೂಜು. ಡಿಸೆಂಬರೇ ಆಗಬೇಕಂತ ಇಲ್ಲ, ಸೆಪ್ಟೆಂಬರ್ ಕೊನೆ ಇಲ್ಲ ಮಾರ್ಚ್ ಹೋಗಿ, ಹಗಲು ರಾತ್ರಿ ಸಮ ಇರುವ ವಿಷುವತ್ ಸಮಯದ ಆಸುಪಾಸು ಭೂಮಿಯ ಅಯಸ್ಕಾಂತದ ಗೊಂದಲ ಸ್ವಲ್ಪ ಹೆಚ್ಚಿರ್ತದೆ, ಚಳಿಯೂ ಮಗುವಿಗೆ ತಡೆಯುವಷ್ಟಿರ್ತದೆ. ಮೇ ಕೊನೆಯಿಂದ ಜುಲೈ ಅಂತೂ ಬೇಡವೇ ಬೇಡ, ಸೂರ್ಯ ಮುಳುಗುವುದೇ ಇಲ್ಲ. ಗಡಿಬಿಡಿಯೂ ಬೇಡ, ಈ ಸಲದ ಸೌರಚಕ್ರದ (ಸೂರ್ಯನ ಚಟುವಟಿಕೆ ಏರಿ ಇಳಿಯುವ ಚಕ್ರ) ಮೇಲ್ಮಟ್ಟ 2024ರ ಹೊತ್ತಿಗೆ ಮುಟ್ಟಿತು ಅಂತ ಹೇಳಿದ್ರು ನಿಜ, ಆದ್ರೆ ಇಳಿಗಾಲದಲ್ಲೂ ದೊಡ್ಡ ಬಿರುಗಾಳಿ ಬರ್ತದೆ, ಮೇಲೆ ಪಾಟೀಲರು ಹೇಳಿದ 2003ರದ್ದು ಬಂದದ್ದು ಹಾಗೇ.

ಕೆಪಿ ಇಂಡೆಕ್ಸ್ (ಭೂಮಿಯ ಅಯಸ್ಕಾಂತ ಎಷ್ಟು ಅಲ್ಲಾಡ್ತಿದೆ ಅನ್ನುವ ಅಂಕಿ) ಆ್ಯಪ್ ಹಾಕ್ಕೊಂಡು ದಿನಾ ಹೆದರ್ಕೊಳ್ಬೇಡಿ. ನಿಖರ ಸೂಚನೆ ಸಿಗುವುದು ಭೂಮಿಯಿಂದ ಸೂರ್ಯನ ಕಡೆ 15 ಲಕ್ಷ ಕಿಲೋಮೀಟರ್ ಆಚೆ ಎಲ್1 ಅನ್ನುವ ಬಿಂದುವಿನಲ್ಲಿರುವ ಉಪಗ್ರಹಗಳಿಂದ, ಅಲ್ಲಿ ದಾಟಿದ ಗಾಳಿ ನಮ್ಮಲ್ಲಿಗೆ ಬರ್ಲಿಕ್ಕೆ ಒಂದು ತಾಸಿನ ಆಸುಪಾಸು. ನಮ್ಮ ಆದಿತ್ಯ ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಇದೆ.

ಪುಣೆ_ಪಾಟೀಲ

ಅಂಕೋಲಾದವ್ರು ಭಾಳ ಚಲೋ ಬರದ್ರಿ.

ಮೈಸೂರು ಸಾಹೇಬ್ರ, ಮಗಳು ನಾಲ್ಕನೇತ್ತೆ ಅಂದ್ರಲ್ಲ, ಫೆಬ್ರವರಿ 28ಕ್ಕ ಒಂದ್ಸಲ ಪುಣೆ ಕಡೆ ಬರ್ರಿ, ವಿಜ್ಞಾನ ದಿನ. ಖಗೋಳ ಸಂಶೋಧನೆ ಮಾಡೋ ಆಯುಕಾ (IUCAA) ಸಂಸ್ಥೆ ಅವತ್ತ ಸಾರ್ವಜನಿಕರಿಗೆ ತೆರೀತಾರ, ಜಯಂತ ನಾರ್ಳೀಕರ್ ಅವರು 1988ರಾಗ ಕಟ್ಟಿದ್ದು. ನಾರಾಯಣಗಾವ್ ಹತ್ರ ಖೋಡದ್‌ದಾಗ ಜಿಎಂಆರ್‌ಟಿನೂ ಅದ, 45 ಮೀಟರ್ ಅಗಲದ 30 ಡಿಶ್ ಇರೋ ರೇಡಿಯೋ ಟೆಲಿಸ್ಕೋಪ್, ಹೊಲದ ನಡುವ ನಿಂತಾವ, ದ್ರಾಕ್ಷಿ ತೋಟ ದಾಟಿ ಹೋಗೋದು. ಜನಜಾತ್ರೆ ಆಗ್ತದ, ಆದ್ರೂ ಹುಡುಗ್ರು ಖುಷಿ ಪಡ್ತಾವ.

ನಮ್ಮ ಪುಣೆಯೊಳಗ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಅಂತ ಅದ, 1944ರಾಗ ಸುರು ಆದದ್ದು, ದೇಶದಾಗ ಹವ್ಯಾಸಿಗಳ ಎಲ್ಲಾಕಿಂತ ಹಳೇ ಸಂಘ ಅಂತಾರ, ತಿಲಕ್ ರೋಡಿನ ತಿಲಕ್ ಸ್ಮಾರಕ ಮಂದಿರದಾಗ. ಗುಂಪಿನ ಮಜಾ ಏನು ಅಂತ ಕೇಳಿದ್ರಿ, ನನಗ ಆ ರುಚಿ ಹತ್ತಿದ್ದು ಟೆಲಿಸ್ಕೋಪಿಗೆ ಕಣ್ಣಿಟ್ಟಲ್ಲ, ಅದರ ಕನ್ನಡಿ ಉಜ್ಜಿ. ಪುಣೆಯೊಳಗ ಒಂದು ವರ್ಕ್‌ಶಾಪಿನ್ಯಾಗ ಆರು ಇಂಚಿನ ಎರಡು ಗಾಜಿನ ಬಿಲ್ಲೆ ಕೊಟ್ರು, ನಡುವ ಗಾಜು ಸವಸೋ ಕಾರ್ಬೊರಂಡಮ್ ಪುಡಿ, ನೀರು. ಮ್ಯಾಲಿನ ಗಾಜು ಹಿಂದ ಮುಂದ ತಳ್ಳೋದು, ಮೇಜಿನ ಸುತ್ತ ಒಂದೊಂದು ಹೆಜ್ಜಿ ತಿರಗೋದು, ಮತ್ತ ತಳ್ಳೋದು. ಮೊದಲ ಪುಡಿ ದಪ್ಪ, ಕರಕರ ಸಪ್ಪಳ ಕಿವಿ ಕಡೀತದ, ಪುಡಿ ಸಣ್ಣ ಆದಂಗ ಸಪ್ಪಳ ಮೆತ್ತಗ ಆಗ್ತದ, ಸಪ್ಪಳ ಕೇಳೇ ಪುಡಿ ಬದಲಿ ಮಾಡೋ ಹೊತ್ತು ಬಂತು ಅಂತ ಹೇಳೋ ಒಬ್ರು ರಿಟೈರ್ಡ್ ಫ್ಯಾಕ್ಟರಿ ಸೂಪರ್‌ವೈಸರ್ ಇದ್ರು ನಮ್ಮ ಜೋಡಿ. ಮ್ಯಾಲಿನ ಗಾಜು ತಾನ ತಗ್ಗಾಗ್ತದ, ತೆಳಗಿಂದು ಉಬ್ತದ, ಯಾರೂ ಆಕಾರ ಕೊಡೋದು ಬ್ಯಾಡ, ಅದು ನೋಡಿ ನನಗ ತಲಿ ತಿರಗಿತ್ತು. ಕಡೀಕ ಡಾಂಬರಿನಂಥಾ ಪಿಚ್ ಮ್ಯಾಲ ಸೀರಿಯಮ್ ಆಕ್ಸೈಡ್ ಹಚ್ಚಿ ಪಾಲಿಶ್, ಕೈ ಎಲ್ಲಾ ಕೆಂಪು. ಪ್ಲೈವುಡ್ಡಿನ ಪೆಟ್ಟಿಗಿ, ತಿರಗಲಿಕ್ಕೆ ಸನ್ಮೈಕಾ ಮ್ಯಾಲ ಟೆಫ್ಲಾನ್ ತುಂಡು, ಮುಗೀತು, ಡಾಬ್ಸೋನಿಯನ್ ಅನ್ನೋ ಸಾದಾ ಟೆಲಿಸ್ಕೋಪ್ ತಯಾರ. ಅದರಾಗ ಗುರುವಿನ ನಾಕು ಚಂದ್ರ ನೋಡಿದ ದಿನ ಮನಿಯೊಳಗ ಎಲ್ಲಾರ್ನೂ ತಾರಸಿಗೆ ಎಳಕೊಂಡು ಬಂದಿದ್ದೆ, ನಮ್ಮ ಮನಿ ಮಾಲೀಕರೂ ಲುಂಗಿ ಮ್ಯಾಲೇ ಬಂದ್ರು, ಅವತ್ತಿಂದ ತಾರಸಿ ಕೀಲಿ ನಮ್ಮ ಹತ್ರಾನೇ ಅದ.

ಅದಕ್ಕ ಹೊಸ ಟೆಲಿಸ್ಕೋಪ್ ಆನ್‌ಲೈನ್‌ದಾಗ ಈಗಲೇ ಆರ್ಡರ್ ಮಾಡಬ್ಯಾಡ್ರಿ, 500 ಪಟ್ಟು ಝೂಮ್ ಅಂತ ಡಬ್ಬಿ ಮ್ಯಾಲ ಬರದದ್ದು ಅಂತೂ ಮುಟ್ಟಬ್ಯಾಡ್ರಿ, ಸ್ಟ್ಯಾಂಡ್ ಅಲ್ಲಾಡ್ತದ, ಹುಡುಗಿಗೆ ಬ್ಯಾಸರ ಬರ್ತದ. ಒಂದು 10x50 ಬೈನಾಕ್ಯುಲರ್ ಸಾಕು.

ಠಾಣೆ_ಮೈಸೂರಿಗ

ಎಲ್ರ ಉತ್ತರಾನೂ ಮನೇಲಿ ಜೋರಾಗಿ ಓದಿ ಹೇಳಿದೆ. ಏಜೆಂಟ್‌ಗೆ ಫೋನ್ ಮಾಡಿ ಮೋಡ ಬಂದ್ರೆ ದುಡ್ಡು ವಾಪಸ್ಸಾ ಅಂತ ಕೇಳಿದೆ, ಸಾರ್ ಅದು ದೇವರ ಕೈಲಿರೋದು ಅಂದ, ಅಲ್ಲಿಗೆ ಆ ಫೈಲ್ ಕ್ಲೋಸ್. ನಾರ್ವೆ ಅಂತೂ ಬಿಟ್ಟಿಲ್ಲ, ಮುಂದೆ ಯಾವ್ದಾದ್ರೂ ಮಾರ್ಚ್‌ನಲ್ಲಿ ಮಗಳ ಪರೀಕ್ಷೆ ಮುಗಿದ ಮೇಲೆ ಐದು ರಾತ್ರಿ ಇಟ್ಕೊಂಡು ನಾವೇ ಪ್ಲಾನ್ ಮಾಡ್ತೀವಿ. 1872ರ ವಿಷಯ ಓದಿದ ಮೇಲೆ ನಮ್ಮನೆಯವ್ರು ಅಲಿಬಾಗ್‌ಗೆ ಹೋಗೋಣ ಅಂತಿದಾರೆ. ಅತ್ತೆಗೆ ನಕ್ಷತ್ರದ ವಿಷಯ ಹೇಳಿದ್ದೇ ತಡ, ವಾಂಗಣಿಗೆ ನಾನೂ ಬರ್ತೀನಿ, ಆದ್ರೆ ನೆಲದ ಮೇಲೆ ಕೂರೋಕಾಗಲ್ಲ, ಕುರ್ಚಿ ಇರುತ್ತಾ ಕೇಳು ಅಂದ್ರು. ಇರುತ್ತಾ? ಮತ್ತೆ ಈಗ ಮಳೆ, ಕಾರ್ಯಕ್ರಮ ಯಾವಾಗ ಶುರುವಾಗೋದು? ದೀಪಾವಳಿ ಅಮಾವಾಸ್ಯೆಗೆ ಹೋಗ್ಬಹುದಾ?

ಮಾಟುಂಗಾ_ಮಾಣಿ

ದೀಪಾವಳಿ ಅಮಾವಾಸ್ಯೆ ಬೇಡ, ಪಟಾಕಿ ಹೊಗೆಯಲ್ಲಿ ಗುರು ಸಹ ಸರಿ ಕಾಣುವುದಿಲ್ಲ, ಅದರ ಮುಂದಿನ ಅಮಾವಾಸ್ಯೆಯ ಹತ್ರದ ಶನಿವಾರ ನೋಡಿ, ಅಷ್ಟೊತ್ತಿಗೆ ಗಾಳಿಯೂ ಒಣಗಿರ್ತದೆ. ಹುಡುಗಿಗೆ ಉಲ್ಕೆ ನೋಡ್ಬೇಕಾದ್ರೆ ಡಿಸೆಂಬರ್ 13-14ರ ರಾತ್ರಿ ಜೆಮಿನಿಡ್, ಅದಕ್ಕೆ ಟೆಲಿಸ್ಕೋಪೂ ಬೇಡ, ಮಲಗಿ ನೋಡುವುದು. ಹೆಸರು ಮೊದಲೇ ಬರೆಸ್ಬೇಕು, ಸೀಟು ಬೇಗ ತುಂಬ್ತದೆ. ಕುರ್ಚಿ ಅಲ್ಲಿ ಸಿಗ್ತದೆ ಅಂತ ನಂಬಿ ಹೋಗ್ಬೇಡಿ, ಮಡಚುವ ಬೀಚ್ ಚೇರ್ ಒಂದು ತಗೊಳ್ಳಿ, ಹಿಂದಕ್ಕೆ ಒರಗುವಂಥದ್ದು, ಕತ್ತು ನೋಯುವುದಿಲ್ಲ. ಕರ್ಜತ್ ಲೋಕಲ್ ಠಾಣೆಯಲ್ಲಿ ಹತ್ತುವಾಗ ಶನಿವಾರ ಸಂಜೆ ಆದ್ರೆ ರಶ್ ಇರ್ತದೆ, ಅತ್ತೆಯವರನ್ನೂ ಕುರ್ಚಿಯನ್ನೂ ಹಿಡ್ಕೊಂಡು ಐದೂವರೆ ಮೇಲೆ ಹೋಗ್ಬೇಡಿ, ಮೂರು ಗಂಟೆಗೇ ಹೊರಡಿ.